ಕಲಾವಿದನ ದುಡಿಮೆ: ಅರ್ಥಕ್ಕಾಗಿಯೋ, ಆತ್ಮಸಂತೋಷಕ್ಕಾಗಿಯೋ?

ಕವಿಯು ಕಾವ್ಯವನ್ನು ಏಕೆ ಬರೆಯುತ್ತಾನೆ? ಶಿಲ್ಪಿಯು ಕಲ್ಲನ್ನು ಏಕೆ ಕಡೆಯುತ್ತಾನೆ? ಗಾಯಕನು ಮುಪ್ಪು ಅಡರಿ ಕಂಠವು ಕುಗ್ಗಿದ ಮೇಲೂ ಬೆಳಗಿನ ಸಾಧನೆಯನ್ನು ಏಕೆ ಬಿಡುವುದಿಲ್ಲ? ಈ ಪ್ರಶ್ನೆಗೆ ಲೋಕದಲ್ಲಿ ಎರಡು ಉತ್ತರಗಳು ರೂಢಿಯಲ್ಲಿವೆ. ಕಲೆಯೂ ಒಂದು ಉದ್ಯೋಗವೇ, ಪ್ರತಿಫಲದ ಆಸೆಯಿಲ್ಲದೆ ಯಾರೂ ಲೇಖನಿಯನ್ನಾಗಲಿ ಉಳಿಯನ್ನಾಗಲಿ ಹಿಡಿಯುವುದಿಲ್ಲ ಎಂಬುದು ಮೊದಲನೆಯದು. ನಿಜವಾದ ಕಲಾವಿದನು ಹಣದ ಕಡೆಗೆ ಕಣ್ಣೆತ್ತಿಯೂ ನೋಡುವುದಿಲ್ಲ, ತನ್ನ ಅಂತರಂಗವನ್ನು ಹೊರಗೆಡಹುವುದಷ್ಟೇ ಅವನ ಉದ್ದೇಶ ಎಂಬುದು ಎರಡನೆಯದು. ಮೊದಲನೆಯ ಮಾತನ್ನು ಆಡುವವರು ತಮ್ಮನ್ನು ಲೋಕಜ್ಞರೆಂದು ಭಾವಿಸುತ್ತಾರೆ. ಎರಡನೆಯ ಮಾತನ್ನು ಆಡುವವರು ತಮ್ಮನ್ನು ರಸಿಕರೆಂದು ಭಾವಿಸುತ್ತಾರೆ. ವಿಚಾರ ಮಾಡಿ ನೋಡಿದರೆ ಇಬ್ಬರಿಂದಲೂ ಕಲಾವಿದನಿಗೆ ಅನ್ಯಾಯವಾಗುವ ಸಂಭವವುಂಟು. ಮೊದಲನೆಯವರು ಅವನ ಕೃತಿಯನ್ನು ಸಂತೆಯ ಸರಕೆಂದು ಎಣಿಸುತ್ತಾರೆ. ಎರಡನೆಯವರು ಅವನ ಮನೆಯಲ್ಲಿಯೂ ಒಲೆ ಉರಿಯಬೇಕೆಂಬುದನ್ನು ಮರೆಯುತ್ತಾರೆ.

ಇದು ಪಂಡಿತರ ಕಾಲಹರಣದ ಚರ್ಚೆಯೆಂದು ಯಾರೂ ತಿಳಿಯಬೇಕಾಗಿಲ್ಲ. ಹಾಡಿನಲ್ಲಿಯೋ ಚಿತ್ರದಲ್ಲಿಯೋ ಕವಿತೆಯಲ್ಲಿಯೋ ಒಲವು ತೋರುವ ಮಕ್ಕಳು ಪ್ರತಿಯೊಂದು ಶಾಲೆಯಲ್ಲಿಯೂ ಒಬ್ಬಿಬ್ಬರಾದರೂ ಇರುತ್ತಾರೆ. “ಇದರಿಂದ ಹೊಟ್ಟೆ ತುಂಬೀತೆ?” ಎಂದು ತಾಯಿತಂದೆಗಳು ಅಧ್ಯಾಪಕರನ್ನು ಕೇಳುತ್ತಾರೆ. ಅಧ್ಯಾಪಕರು ಏನನ್ನಾದರೂ ಹೇಳಲೇಬೇಕು. ಇತ್ತ ವಿದ್ಯಾಸಂಸ್ಥೆಗಳಿಗೂ ಕಲೆಗಳಿಗೂ ಕೈಯೆತ್ತಿ ಕೊಡುವ ದಾನಿಗಳು, ತಾವು ಕೊಟ್ಟದ್ದು ಕಲಾವಿದನ ಯಾವ ಅಂಶಕ್ಕೆ ಸಲ್ಲುತ್ತದೆ, ಯಾವ ಅಂಶವು ಕೊಡುಗೆಗೆ ನಿಲುಕದು ಎಂಬುದನ್ನು ಅರಿತಿರಬೇಕು. ಆದುದರಿಂದ ಈ ಪ್ರಶ್ನೆಯನ್ನು ಶಾಸ್ತ್ರದ ಬೆಳಕಿನಲ್ಲಿಯೂ ಕನ್ನಡನಾಡಿನ ಕವಿಗಳ ಮತ್ತು ಶಿಲ್ಪಿಗಳ ಚರಿತ್ರೆಯ ಬೆಳಕಿನಲ್ಲಿಯೂ ಪರಿಶೀಲಿಸುವುದು ಉಚಿತವಾಗಿದೆ.

ಶಾಸ್ತ್ರವನ್ನು ಮೊದಲು ನೋಡಬಹುದು. ಹನ್ನೊಂದನೆಯ ಶತಮಾನದ ಕಾಶ್ಮೀರದ ಆಲಂಕಾರಿಕನಾದ ಮಮ್ಮಟನು ತನ್ನ ‘ಕಾವ್ಯಪ್ರಕಾಶ’ದ ಆರಂಭದಲ್ಲಿಯೇ ಕಾವ್ಯದ ಪ್ರಯೋಜನಗಳನ್ನು ಎಣಿಸಿದ್ದಾನೆ. ಅವು ಆರು: ಯಶಸ್ಸು, ಧನ, ಲೋಕವ್ಯವಹಾರದ ಅರಿವು, ಅಮಂಗಳದ ನಿವಾರಣೆ, ಓದಿದ ಕ್ಷಣದಲ್ಲಿಯೇ ಒದಗುವ ಪರಮಾನಂದ, ಮತ್ತು ಪ್ರಿಯೆಯು ಹೇಳಿದಂತೆ ಹಿತವಾದ ಉಪದೇಶ. ಧನವನ್ನು ಹೆಸರಿಸುವಾಗ ಆತನು ಯಾವ ಸಂಕೋಚವನ್ನೂ ತೋರಿಲ್ಲ. ಕಾಳಿದಾಸಾದಿಗಳಿಗೆ ಯಶಸ್ಸು ದೊರೆತಂತೆ, ಶ್ರೀಹರ್ಷನಿಂದ ಧಾವಕಾದಿಗಳಿಗೆ ಧನ ದೊರೆಯಿತೆಂದು ಉದಾಹರಣೆಯನ್ನೂ ಕೊಟ್ಟಿದ್ದಾನೆ. ಹಣವೆಂದೊಡನೆ ಮೂಗು ಮುರಿಯುವ ರಸಿಕರು ಇದನ್ನು ಗಮನಿಸಬೇಕು. ಆದರೆ ಆರರಲ್ಲಿಯೂ ಮುಕುಟಪ್ರಾಯವಾದದ್ದು ಯಾವುದೆಂಬುದನ್ನು ಹೇಳುವಾಗ ಮಮ್ಮಟನು ಧನವನ್ನಾಗಲಿ ಯಶಸ್ಸನ್ನಾಗಲಿ ಆರಿಸಲಿಲ್ಲ. ರಸಾಸ್ವಾದದಿಂದ ಆ ಕ್ಷಣವೇ ಹುಟ್ಟುವ, ಬೇರೆಲ್ಲ ಅರಿವನ್ನೂ ಮರೆಯಿಸುವ ಆನಂದವೇ ಸಕಲ ಪ್ರಯೋಜನಗಳ ತಲೆಯ ಮೇಲಿರುವುದೆಂದು ಸಾರಿದನು.

ಮುಖ್ಯವಾದ ಮಾತು ಇನ್ನೂ ಮುಂದಿದೆ. ಪ್ರಯೋಜನಗಳನ್ನು ಹೇಳಿ ಮುಗಿಸಿದ ಮೇಲೆ ಮಮ್ಮಟನು ಕಾವ್ಯದ ಹೇತುವನ್ನು ಹೇಳುತ್ತಾನೆ. ಪ್ರಯೋಜನವೆಂದರೆ ಕಾರ್ಯದಿಂದ ದೊರೆಯುವ ಫಲ; ಹೇತುವೆಂದರೆ ಕಾರ್ಯವನ್ನು ಹುಟ್ಟಿಸುವ ಕಾರಣ. ಶಕ್ತಿ, ನಿಪುಣತೆ, ಅಭ್ಯಾಸ, ಇವು ಮೂರು ಕೂಡಿ ಕಾವ್ಯಕ್ಕೆ ಹೇತುವಾಗುತ್ತವೆ. ಶಕ್ತಿಯೆಂದರೆ ಹುಟ್ಟಿನೊಡನೆ ಬಂದ ಪ್ರತಿಭೆಯ ಬೀಜ. ನಿಪುಣತೆಯೆಂದರೆ ಲೋಕವನ್ನೂ ಶಾಸ್ತ್ರವನ್ನೂ ಹಿಂದಿನ ಕಾವ್ಯಗಳನ್ನೂ ನೋಡಿ ಪಡೆದ ಜಾಣ್ಮೆ. ಅಭ್ಯಾಸವೆಂದರೆ ಕಾವ್ಯಜ್ಞರ ಶಿಕ್ಷಣದಲ್ಲಿ ಮತ್ತೆ ಮತ್ತೆ ಮಾಡಿದ ಸಾಧನೆ. ಮೂರೂ ಒಟ್ಟಾಗಿಯೇ ಒಂದು ಹೇತು, ಬೇರೆ ಬೇರೆಯಾಗಿ ಮೂರು ಹೇತುಗಳಲ್ಲ ಎಂಬುದು ಆತನ ಸ್ಪಷ್ಟವಾದ ನಿಲುವು. ಧನವು ಪ್ರಯೋಜನಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನದಲ್ಲಿದೆ; ಹೇತುವಿನಲ್ಲಿ ಅದಕ್ಕೆ ಸ್ಥಾನವೇ ಇಲ್ಲ. ಕಾವ್ಯದಿಂದ ಹಣ ಬರಬಹುದು, ಹಣದಿಂದ ಕಾವ್ಯ ಹುಟ್ಟಲಾರದು ಎಂದು ಹೇಳಿದಂತಾಯಿತು. ಲೋಕದಲ್ಲಿ ನಡೆಯುವ ವಾದವು ಬಹುಮಟ್ಟಿಗೆ ಈ ಫಲವನ್ನೂ ಕಾರಣವನ್ನೂ ಒಂದಾಗಿ ಕಲಸಿಕೊಂಡದ್ದರಿಂದ ಹುಟ್ಟಿದ ವಾದವಾಗಿದೆ.

ಈ ಲಕ್ಷಣವು ಲಕ್ಷ್ಯದಲ್ಲಿ ಹೊಂದುತ್ತದೆಯೇ ಎಂದು ನೋಡುವುದಕ್ಕೆ ಕನ್ನಡದ ಆದಿಕವಿಯೆನಿಸಿದ ಪಂಪನಿಗಿಂತ ಉತ್ತಮವಾದ ನಿದರ್ಶನ ಬೇರೊಂದಿಲ್ಲ. ಹತ್ತನೆಯ ಶತಮಾನದಲ್ಲಿ ವೇಮುಲವಾಡದ ಚಾಲುಕ್ಯ ದೊರೆ ಇಮ್ಮಡಿ ಅರಿಕೇಸರಿಯ ಆಸ್ಥಾನದಲ್ಲಿದ್ದ ಈ ಮಹಾಕವಿಯು ಎರಡು ಕಾವ್ಯಗಳನ್ನು ರಚಿಸಿದನು. ಕ್ರಿ.ಶ. ೯೪೧ರ ‘ಆದಿಪುರಾಣ’ವು ಜಿನಾಗಮವನ್ನು ಬೆಳಗುವುದಕ್ಕೆ, ‘ವಿಕ್ರಮಾರ್ಜುನವಿಜಯ’ವು ಲೌಕಿಕವನ್ನು ಬೆಳಗುವುದಕ್ಕೆ. ಮೊದಲನೆಯದನ್ನು ಮೂರು ತಿಂಗಳಲ್ಲಿಯೂ ಎರಡನೆಯದನ್ನು ಆರು ತಿಂಗಳಲ್ಲಿಯೂ ಮುಗಿಸಿದುದಾಗಿ ಕವಿಯೇ ಹೇಳಿಕೊಂಡಿದ್ದಾನೆ. ಎರಡನೆಯ ಕಾವ್ಯದಲ್ಲಿ ತನ್ನ ಒಡೆಯನಾದ ಅರಿಕೇಸರಿಯನ್ನೇ ಅರ್ಜುನನೊಡನೆ ಸಮೀಕರಿಸಿ ಭಾರತದ ಕಥೆಯನ್ನು ಹೇಳಿದನು. ಅದಕ್ಕೆ ಪ್ರತಿಯಾಗಿ ಅರಿಕೇಸರಿಯು ಧರ್ಮಪುರವೆಂಬ ಅಗ್ರಹಾರವನ್ನು ಶಾಸನಪೂರ್ವಕವಾಗಿ ಕೊಟ್ಟನು. ಪಂಪನ ತಮ್ಮನಾದ ಜಿನವಲ್ಲಭನು ಇಂದಿನ ತೆಲಂಗಾಣದ ಕರೀಂನಗರ ಸೀಮೆಯ ಕುರ್ಕ್ಯಾಲದ ಬಂಡೆಯ ಮೇಲೆ ಕನ್ನಡ, ಸಂಸ್ಕೃತ, ತೆಲುಗು ಮೂರು ಭಾಷೆಗಳಲ್ಲಿ ಬರೆಯಿಸಿದ ಶಾಸನವು ಈ ದಾನಕ್ಕೆ ಸಾಕ್ಷಿಯಾಗಿ ಇಂದಿಗೂ ನಿಂತಿದೆ. ಹೀಗಿರುವಲ್ಲಿ ಪಂಪನು ಹಣಕ್ಕಾಗಿ ಬರೆಯಲಿಲ್ಲವೆಂದು ಹೇಳುವುದು ಹೇಗೆ?

ಆಶ್ರಯದ ಗುರುತು ಕಾವ್ಯದ ಮೈಮೇಲೆ ಇರುವುದನ್ನೂ ಮರೆಮಾಚಬೇಕಾಗಿಲ್ಲ. ದೊರೆಯೇ ಅರ್ಜುನನಾದ ಕಾರಣ ದ್ರೌಪದಿಯು ಅರ್ಜುನನೊಬ್ಬನಿಗೇ ಪತ್ನಿಯಾಗಬೇಕಾಯಿತು. ಕಡೆಯಲ್ಲಿ ಧರ್ಮರಾಯನ ಬದಲು ಅರ್ಜುನನಿಗೆ ಸುಭದ್ರೆಯೊಡನೆ ಪಟ್ಟಾಭಿಷೇಕವಾಗಬೇಕಾಯಿತು. ಇದರಿಂದ ಕಥೆಯ ನಡೆಯಲ್ಲಿ ಅಲ್ಲಲ್ಲಿ ತೊಡಕುಗಳು ಉಂಟಾದುದನ್ನು ವಿಮರ್ಶಕರು ತೋರಿಸಿಕೊಟ್ಟಿದ್ದಾರೆ. ಹಣವು ಕಾವ್ಯದೊಳಗೆ ಕೈಹಾಕಿದ ಸ್ಥಳಗಳು ಇವು. ಆದರೆ ಅದೇ ಕಾವ್ಯದಲ್ಲಿ, ಅರ್ಜುನನನ್ನು ಹೊಗಳುವುದಕ್ಕೆಂದೇ ಸಂಕಲ್ಪಿಸಿದ ಆ ಕೃತಿಯಲ್ಲಿ, ಕರ್ಣನು ನೆಲಕ್ಕೊರಗಿದಾಗ ಪಂಪನು ಏನು ಮಾಡಿದನು? ಭಾರತದಲ್ಲಿ ಒಬ್ಬನನ್ನೇ ನೆನೆಯುವುದಾದರೆ ಕರ್ಣನನ್ನು ನೆನೆಯಿರೆಂದು ಲೋಕಕ್ಕೆ ಕರೆಕೊಟ್ಟನು. ಕರ್ಣನು ದೊರೆಯ ಹಗೆ. ಅವನನ್ನು ಹೀಗೆ ಎತ್ತಿಹಿಡಿಯಬೇಕೆಂದು ಅರಿಕೇಸರಿಯು ಕೇಳಿರಲಾರ. ಧರ್ಮಪುರದ ಅಗ್ರಹಾರವು ಈ ಒಂದು ಪದ್ಯಕ್ಕೆ ಕೊಟ್ಟ ಬೆಲೆಯೂ ಅಲ್ಲ. ಕಾವ್ಯದಲ್ಲಿ ದೊರೆಯ ಹಣಕ್ಕೆ ಸಂದ ಭಾಗ ಯಾವುದು, ಕವಿಯ ಶಕ್ತಿಗೆ ಮಾತ್ರ ಸಂದ ಭಾಗ ಯಾವುದು ಎಂಬುದು ಇಲ್ಲಿ ಕೈಯಲ್ಲಿ ಹಿಡಿದಂತೆ ಕಾಣುತ್ತದೆ. ಅರಿಕೇಸರಿಯ ರಾಜ್ಯವಳಿದು ಸಾವಿರ ವರ್ಷಗಳು ಕಳೆದರೂ ಕನ್ನಡಿಗರು ಪಂಪನನ್ನು ತೆರೆದಾಗ ಮೊದಲು ಹುಡುಕುವುದು ಕರ್ಣನನ್ನೇ.

ರನ್ನನಲ್ಲಿಯೂ ಇದೇ ನ್ಯಾಯ. ಮುಧೋಳದ ಬಳೆಗಾರರ ಕುಲದಲ್ಲಿ ಹುಟ್ಟಿದ ಈ ಕವಿಯು ಚಾವುಂಡರಾಯನ ಮತ್ತು ಅತ್ತಿಮಬ್ಬೆಯ ಆಶ್ರಯದಿಂದ ಮೇಲೆ ಬಂದು, ಚಾಲುಕ್ಯ ಚಕ್ರವರ್ತಿ ತೈಲಪನಿಂದ ‘ಕವಿಚಕ್ರವರ್ತಿ’ ಎಂಬ ಬಿರುದನ್ನು ಪಡೆದನು. ‘ಗದಾಯುದ್ಧ’ದಲ್ಲಿ ಯುವರಾಜ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿದನು. ಸಂಕಲ್ಪವು ಭೀಮನ ಸ್ತುತಿ. ಆದರೆ ಓದುಗನ ಕಣ್ಣು ತುಂಬುವುದು ರಣರಂಗದಲ್ಲಿ ಒಬ್ಬೊಂಟಿಗನಾಗಿ ಹೆಣಗಳ ನಡುವೆ ನಡೆಯುವ ದುರ್ಯೋಧನನನ್ನು ಕಂಡಾಗ. ಅನ್ನವಿಕ್ಕಿದ ಒಡೆಯನಿಗೆ ಕೃತಜ್ಞರಾಗಿದ್ದರೂ ಈ ಕವಿಗಳು ತಮ್ಮ ಪ್ರತಿಭೆಯ ಕಣ್ಣನ್ನು ಅವನಿಗೆ ಮಾರಿಕೊಳ್ಳಲಿಲ್ಲ.

ಇವರು ಆಸ್ಥಾನದ ಕವಿಗಳು, ಮಾನ್ಯರು. ದಿನಗೂಲಿಗೆ ದುಡಿದ ಶಿಲ್ಪಿಗಳ ಗತಿಯೇನು ಎಂಬ ಶಂಕೆ ಇಲ್ಲಿ ಏಳಬಹುದು. ದೇವಾಲಯಗಳನ್ನು ಕಟ್ಟಿಸಿದವರು ಅರಸರು, ದಂಡನಾಯಕರು, ವರ್ತಕರು. ಹಣ ಅವರದು, ಯೋಜನೆ ಅವರದು, ಪುಣ್ಯವೂ ಅವರದೆಂದೇ ಶಾಸನಗಳು ಹೇಳುತ್ತವೆ. ಜನರ ಬಾಯಲ್ಲಿ ಶಿಲ್ಪಿಯೆಂದರೆ ಜಕಣಾಚಾರಿಯೆಂಬ ಒಂದೇ ಹೆಸರು. ಚೆಲುವಾದ ಗುಡಿಯೆಲ್ಲವೂ ಅವನದೇ. ಆದರೆ ಕಲ್ಲುಗಳೇ ಬೇರೆ ಮಾತನ್ನು ಆಡುತ್ತವೆ. ೧೧೧೭ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ವಿಗ್ರಹಗಳ ಅಡಿಯಲ್ಲಿ ತಮ್ಮ ಹೆಸರುಗಳನ್ನು ಕೆತ್ತಿದ್ದಾರೆ. ಹೆಸರಿನೊಡನೆ, ಎದುರಾಳಿ ಶಿಲ್ಪಿಗಳ ಎದೆ ನಡುಗಿಸುವಂತಹ ಬಿರುದುಗಳನ್ನೂ ಸೇರಿಸಿದ್ದಾರೆ. ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು ೧೨೫೮ರಲ್ಲಿ ಕಟ್ಟಿಸಿದ ಸೋಮನಾಥಪುರದ ಕೇಶವ ದೇವಾಲಯದಲ್ಲಿ ಮಲ್ಲಿತಮ್ಮನೆಂಬ ಶಿಲ್ಪಿಯ ಅಂಕಿತವು ಸುಮಾರು ನಲವತ್ತು ವಿಗ್ರಹಗಳ ಮೇಲಿದೆ. ನುಗ್ಗೇಹಳ್ಳಿಯ ದೇವಾಲಯದಲ್ಲಿಯೂ ಅವನ ಕೈವಾಡವುಂಟು. ಬೇಲೂರು, ಹಳೇಬೀಡು, ಸೋಮನಾಥಪುರಗಳ ಈ ದೇವಾಲಯಗಳನ್ನು ೨೦೨೩ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಕೂಲಿಯನ್ನು ಪಡೆದವನು ಹೆಸರನ್ನು ಏಕೆ ಕೆತ್ತಿದನು? ಕೂಲಿಯೊಂದೇ ಅವನ ಗುರಿಯಾಗಿದ್ದರೆ, ಕೂಲಿ ಕೈಗೆ ಬಂದೊಡನೆ ಕಲ್ಲಿನೊಡನೆ ಅವನ ಸಂಬಂಧ ಹರಿದುಹೋಗಬೇಕಾಗಿತ್ತು. ಗೋಡೆ ಕಟ್ಟುವವನು ಪ್ರತಿ ಇಟ್ಟಿಗೆಯ ಮೇಲೆ ತನ್ನ ಹೆಸರನ್ನು ಬರೆಯುವುದಿಲ್ಲ. ಮಲ್ಲಿತಮ್ಮನ ಅಂಕಿತವು, ಕಲ್ಲು ದಂಡನಾಯಕನದಾದರೂ ಅದರೊಳಗಿನ ಚೆಲುವು ತನ್ನದೆಂದು ಹೇಳುವ ಸಾಕ್ಷಿಪತ್ರ. ಅದರ ಹಿಂದೆ ಶಕ್ತಿ, ನಿಪುಣತೆ, ಅಭ್ಯಾಸಗಳು ಮೂರೂ ಇವೆ: ತಂದೆಯಿಂದ ಮಗನಿಗೆ ಇಳಿದುಬಂದ ವಿದ್ಯೆ, ಶಿಲ್ಪಶಾಸ್ತ್ರದ ಪ್ರಮಾಣಗಳ ಅರಿವು, ಬಾಲ್ಯದಿಂದ ಉಳಿ ಹಿಡಿದು ಜಡ್ಡುಗಟ್ಟಿದ ಕೈ. ದಂಡನಾಯಕನು ಇವುಗಳನ್ನು ಕೊಳ್ಳಲಿಲ್ಲ. ಇವುಗಳಿಗೆ ಕೆಲಸ ಮಾಡುವ ಅವಕಾಶವನ್ನು ಕೊಟ್ಟನು. ಧನಿಕನ ಹಿರಿಮೆಯೂ ಅದೇ, ಎಲ್ಲೆಯೂ ಅದೇ.

ಹಾಗಾದರೆ ಹಣವನ್ನು ಸಂಪೂರ್ಣವಾಗಿ ಬಿಟ್ಟವನೇ ಉತ್ತಮ ಕಲಾವಿದನಲ್ಲವೇ ಎಂದು ಎರಡನೆಯ ಪಕ್ಷದವರು ಕೇಳಬಹುದು. ಅವರ ಪಕ್ಷಕ್ಕೆ ಹರಿಹರನಂತಹ ಮಹಾಕವಿಯ ಬೆಂಬಲವಿದೆ. ಆತನು ಹೊಯ್ಸಳರ ರಾಜಧಾನಿಯಾದ ದ್ವಾರಸಮುದ್ರದಲ್ಲಿ ಕರಣಿಕನಾಗಿದ್ದು, ಆ ಉದ್ಯೋಗವನ್ನು ತೊರೆದು ಹಂಪೆಗೆ ಬಂದು, ವಿರೂಪಾಕ್ಷನ ಸನ್ನಿಧಿಯಲ್ಲಿ ‘ಗಿರಿಜಾಕಲ್ಯಾಣ’ವನ್ನೂ ಶರಣರ ರಗಳೆಗಳನ್ನೂ ಬರೆದನೆಂದು ಪ್ರಸಿದ್ಧಿಯಿದೆ. ಮನುಷ್ಯಮಾತ್ರದವರನ್ನು ಹೊಗಳೆನೆಂಬುದು ಆತನ ವ್ರತ. ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನು ಹರಿಶ್ಚಂದ್ರನ ಕಥೆಯನ್ನು ಬರೆದು ನರಸ್ತುತಿ ಮಾಡಿದನೆಂದು ಗುರುವು ಮುನಿದ ಕಥೆ ಕನ್ನಡಿಗರಿಗೆಲ್ಲ ಗೊತ್ತು. ಅರಸನ ಲೆಕ್ಕಪತ್ರವನ್ನು ಕೆಳಗಿಟ್ಟು ಬಂದ ಕವಿಯ ಕೈಯಲ್ಲಿ ಕನ್ನಡವು ಹೊಸ ಛಂದಸ್ಸನ್ನೂ ಹೊಸ ನಾಯಕರನ್ನೂ ಕಂಡಿತು. ಬೇಡನೂ ಕುಂಬಾರನೂ ಕಾವ್ಯನಾಯಕರಾದರು. ಆಸ್ಥಾನದಲ್ಲಿದ್ದುಕೊಂಡು ಇಂತಹ ನಾಯಕರನ್ನು ಹಾಡುವುದು ಸುಲಭವಾಗಿರಲಾರದು. ತ್ಯಾಗದಿಂದ ಕವಿಗೆ ಸ್ವಾತಂತ್ರ್ಯ ಲಭಿಸಿತೆಂಬುದು ನಿಜ.

ಆದರೆ ಇಲ್ಲಿಯೂ ಹೇತುವನ್ನು ತಪ್ಪಿ ತಿಳಿಯಬಾರದು. ದ್ವಾರಸಮುದ್ರದ ಉದ್ಯೋಗವನ್ನು ಬಿಟ್ಟವರೆಲ್ಲರೂ ಹರಿಹರರಾಗಲಿಲ್ಲ. ಧನವು ಹೇಗೆ ಕಾವ್ಯಕ್ಕೆ ಹೇತುವಲ್ಲವೋ ಹಾಗೆಯೇ ಧನತ್ಯಾಗವೂ ಹೇತುವಲ್ಲ. ಬಡತನವು ಪ್ರತಿಭೆಯ ಲಕ್ಷಣವೆಂಬ ಮಾತು ಕೇಳುವುದಕ್ಕೆ ಇಂಪಾಗಿದ್ದರೂ ಶಾಸ್ತ್ರಕ್ಕೂ ಅನುಭವಕ್ಕೂ ದೂರವಾದುದು. ಬಡತನದಲ್ಲಿ ಬಾಡಿಹೋದ ಪ್ರತಿಭೆಗಳ ಲೆಕ್ಕವನ್ನು ಇಟ್ಟವರು ಯಾರು?

ಆಸ್ಥಾನದ ಕವಿಗೂ ವಿರಕ್ತನಾದ ಕವಿಗೂ ಭಿನ್ನವಾದ ಮೂರನೆಯ ದಾರಿಯೊಂದನ್ನು ಹನ್ನೆರಡನೆಯ ಶತಮಾನದ ಶರಣರು ತೋರಿಸಿದರು. ಅವರಲ್ಲಿ ನೇಯುವವರು, ಬಟ್ಟೆ ಮಡಿ ಮಾಡುವವರು, ದೋಣಿ ನಡೆಸುವವರು, ಹಗ್ಗ ಹೊಸೆಯುವವರು ಇದ್ದರು. ಬಸವಣ್ಣನವರೇ ಬಿಜ್ಜಳನ ಭಂಡಾರಿಗಳಾಗಿದ್ದರು. ಅವರವರ ಅನ್ನವು ಅವರವರ ಕಾಯಕದಿಂದ ಬರುತ್ತಿತ್ತು; ವಚನವು ಮಾರಾಟಕ್ಕಿರಲಿಲ್ಲ. ಅನ್ನಕ್ಕೆ ಕೈ, ಮಾತಿಗೆ ಮನಸ್ಸು. ಒಂದಕ್ಕೆ ಇನ್ನೊಂದು ಅಡಿಯಾಳಾಗಲಿಲ್ಲ. ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದದ್ದನ್ನು ಹಿಂದಿರುಗಿಸಿ ಬರುವಂತೆ ಲಕ್ಕಮ್ಮನು ಕಳುಹಿಸಿದ ಪ್ರಸಂಗವು ಶರಣರ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ದುಡಿಮೆಯ ಫಲವನ್ನು ಅವರು ಹೀನವೆಂದು ತಳ್ಳಲಿಲ್ಲ, ಅದು ಅಗತ್ಯವನ್ನು ಮೀರಿ ಬೆಳೆಯುವುದಕ್ಕೂ ಬಿಡಲಿಲ್ಲ. ಹೀಗೆ ಬದುಕಿದುದರಿಂದಲೇ ಅವರ ಮಾತು ಅರಸನಿಗಾಗಲಿ ಸಿರಿವಂತನಿಗಾಗಲಿ ಅಂಜಬೇಕಾಗಲಿಲ್ಲ. ಅವರ ಅಂಕಿತವನ್ನು ಗಮನಿಸಬೇಕು. ಮಲ್ಲಿತಮ್ಮನು ತನ್ನ ಹೆಸರನ್ನೇ ಕೆತ್ತಿದನು. ಶರಣರು ವಚನದ ಕೊನೆಗೆ ತಮ್ಮ ಹೆಸರನ್ನಿಡದೆ ತಮ್ಮ ಆರಾಧ್ಯದೈವದ ಹೆಸರನ್ನಿಟ್ಟರು. ಧನದೊಡನೆ ಯಶಸ್ಸೆಂಬ ಪ್ರಯೋಜನವನ್ನೂ ಅವರು ಅರ್ಪಿಸಿಬಿಟ್ಟರು.

ಹಾಗೆ ಅರ್ಪಿಸಿದವರ ವಚನಗಳು ಉಳಿದುಬಂದದ್ದು ಹೇಗೆಂಬುದನ್ನು ಕೂಡ ನೆನೆಯಬೇಕು. ತಾಳೆಗರಿಗಳಲ್ಲಿ ಮನೆಮನೆಗಳ ಅಟ್ಟದ ಮೇಲೆ ಚೆದುರಿಹೋಗಿದ್ದ ವಚನಗಳನ್ನು ಊರೂರು ತಿರುಗಿ ಕೂಡಿಹಾಕಿದವರು ವಿಜಯಪುರದ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು. ೧೮೮೦ರಲ್ಲಿ ಹುಟ್ಟಿ ೧೯೬೪ರಲ್ಲಿ ಲಿಂಗೈಕ್ಯರಾದ ಅವರು ತಮ್ಮ ಗಳಿಕೆಯನ್ನು ಈ ಕಾರ್ಯಕ್ಕೆ ಸುರಿದರು. ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗ ಹೊರಬಂದಿತು, ಮುಂದೆ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿ ‘ಶಿವಾನುಭವ’ ಪತ್ರಿಕೆಯನ್ನು ನಡೆಸಿದರು. ವಚನಗಳು ಹುಟ್ಟುವುದಕ್ಕೆ ಹಣ ಬೇಕಾಗಿರಲಿಲ್ಲ. ಅವು ಮುಂದಿನ ಪೀಳಿಗೆಗೆ ಮುಟ್ಟುವುದಕ್ಕೆ ಹಣ ಬೇಕಾಯಿತು. ಕಾಗದಕ್ಕೆ, ಮೊಳೆಗೆ, ಮಸಿಗೆ, ಕೆಲಸಗಾರನ ಸಂಬಳಕ್ಕೆ ಯಾರಾದರೊಬ್ಬರು ಕೊಡಲೇಬೇಕಾಗಿತ್ತು, ಕೊಟ್ಟರು.

ಧನವನ್ನೂ ಯಶಸ್ಸನ್ನೂ ಬಿಟ್ಟು ಬರೆದವನು ಆಧುನಿಕ ಕಾಲದಲ್ಲಿಯೂ ಒಬ್ಬನುಂಟು. ಉಡುಪಿಯ ಕಡೆಯ ನಂದಳಿಕೆಯ ಲಕ್ಷ್ಮೀನಾರಣಪ್ಪನು ಶಾಲೆಯಲ್ಲಿ ಮಕ್ಕಳಿಗೆ ಅಂಗಸಾಧನೆಯನ್ನು ಕಲಿಸುವ ಬಡ ಉಪಾಧ್ಯಾಯ. ಅವನು ‘ಅದ್ಭುತರಾಮಾಯಣ’, ‘ಶ್ರೀರಾಮಪಟ್ಟಾಭಿಷೇಕ’, ‘ಶ್ರೀರಾಮಾಶ್ವಮೇಧ’ಗಳನ್ನು ಬರೆದು, ಅವು ತನ್ನವೆಂದು ಹೇಳಿಕೊಳ್ಳದೆ, ಮುದ್ದಣನೆಂಬ ಹೆಸರಿನ ಮರೆಯಲ್ಲಿ, ಹಳೆಯ ಕಾವ್ಯಗಳೆಂಬಂತೆ ಮೈಸೂರಿನ ಪತ್ರಿಕೆಗೆ ಕಳುಹಿಸಿದನು. ೧೯೦೧ರಲ್ಲಿ, ಮೂವತ್ತೊಂದರ ವಯಸ್ಸಿನಲ್ಲಿ, ಕ್ಷಯರೋಗದಿಂದ ತೀರಿಕೊಂಡನು. ಆ ಕಾವ್ಯಗಳ ಕರ್ತೃ ಈ ಉಪಾಧ್ಯಾಯನೇ ಎಂಬುದು ಲೋಕಕ್ಕೆ ನಿಶ್ಚಯವಾಗುವ ಹೊತ್ತಿಗೆ ಅವನು ಇರಲಿಲ್ಲ. ಇಲ್ಲಿ ಧನವಿಲ್ಲ, ಯಶಸ್ಸಿಲ್ಲ. ಮಮ್ಮಟನು ಹೇಳಿದ ಹೇತುವೊಂದೇ ಉಳಿದಿದೆ.

ಮುದ್ದಣನ ಕೃತಿಯು ಇನ್ನೊಂದು ರಹಸ್ಯವನ್ನು ತಿಳಿಸುತ್ತದೆ. ‘ಶ್ರೀರಾಮಾಶ್ವಮೇಧ’ದಲ್ಲಿ ಕವಿಯು ಕಥೆಯನ್ನು ನೇರವಾಗಿ ಹೇಳದೆ, ಮನೋರಮೆಯೆಂಬ ಮಡದಿಗೆ ಹೇಳುತ್ತಾನೆ. ಅವಳು ನಡುನಡುವೆ ಕೇಳುತ್ತಾಳೆ, ಅರ್ಥವಾಗದುದನ್ನು ಆಕ್ಷೇಪಿಸುತ್ತಾಳೆ, ಚೇಷ್ಟೆ ಮಾಡುತ್ತಾಳೆ. ಕಥೆಗೆ ಏನು ಬಹುಮಾನವೆಂಬ ಸರಸದ ಮಾತೂ ಅವರಲ್ಲಿ ನಡೆಯುತ್ತದೆ. ಹೆಸರನ್ನೇ ಅಡಗಿಸಿದ ಕವಿಗೂ ಕೇಳುವವರಿಲ್ಲದೆ ಹೇಳುವುದು ಆಗಲಿಲ್ಲ. ಕಲೆಯು ಕೇವಲ ಆತ್ಮಾಭಿವ್ಯಕ್ತಿಯೆಂದು ವಾದಿಸುವವರು ಈ ಮನೋರಮೆಯನ್ನು ಮರೆಯುತ್ತಾರೆ. ಒಳಗಿನದನ್ನು ಹೊರಗೆ ಹಾಕಿದ ಮಾತ್ರಕ್ಕೆ ಕಲೆ ಪೂರ್ಣವಾಗುವುದಿಲ್ಲ. ಅದನ್ನು ತನ್ನ ಹೃದಯದಲ್ಲಿ ಮತ್ತೆ ಕಾಣುವ ಸಹೃದಯನು ಇರಬೇಕು. ಪ್ರಾಚೀನರು ರಸವನ್ನು ಸಹೃದಯನಲ್ಲಿ ಹುಡುಕಿದರು. ಕಲಾವಿದನು ನಿಜವಾಗಿ ಹಸಿದಿರುವುದು ಈ ಸಹೃದಯನಿಗಾಗಿ. ಕೆಲವೊಮ್ಮೆ ಅವನು ಕೇಳುವ ಹಣವೂ ಬಿರುದೂ ಆ ಹಸಿವಿನ ಹೊರಗುರುತುಗಳು ಮಾತ್ರವೇ ಆಗಿರುತ್ತವೆ.

ಕಲೆಯಿಂದ ಬಂದ ಹಣವನ್ನು ಕಲೆಗೇ ಹಿಂದಿರುಗಿಸಿದ ಉಜ್ಜ್ವಲವಾದ ನಿದರ್ಶನವೊಂದು ಗದುಗಿನಲ್ಲಿದೆ. ಹುಟ್ಟುಕುರುಡರಾಗಿದ್ದ ಪಂಚಾಕ್ಷರಿ ಗವಾಯಿಗಳು (೧೮೯೨–೧೯೪೪) ಹಾನಗಲ್ಲ ಕುಮಾರ ಸ್ವಾಮಿಗಳ ಆಶ್ರಯದಲ್ಲಿ ಸಂಗೀತವನ್ನು ಕಲಿತು, ಕರ್ನಾಟಕ ಮತ್ತು ಹಿಂದುಸ್ತಾನಿ ಎರಡು ಪದ್ಧತಿಗಳಲ್ಲಿಯೂ ಪಾರಂಗತರಾಗಿ, ಅಂಧರಿಗೂ ಅನಾಥರಿಗೂ ಅನ್ನವಿಕ್ಕಿ ವಿದ್ಯೆ ಕಲಿಸುವ ಆಶ್ರಮವನ್ನು ನಡೆಸಿದರು. ಬಸವರಾಜ ರಾಜಗುರುಗಳಂತಹ ಗಾಯಕರು ಅವರ ಶಿಷ್ಯರು. ಆ ಶಿಷ್ಯರ ಊಟಕ್ಕೆ ಹಣವೆಲ್ಲಿಂದ ಬರಬೇಕು? ಆಶ್ರಮವು ನಾಟಕದ ಮಂಡಳಿಯನ್ನು ಕಟ್ಟಿ, ಊರೂರಿನಲ್ಲಿ ಟಿಕೇಟು ಇಟ್ಟು ಆಟವಾಡಿಸಿತು. ಪಂಚಾಕ್ಷರಿ ಗವಾಯಿಗಳ ಶಿಷ್ಯರೂ ಉತ್ತರಾಧಿಕಾರಿಗಳೂ ಆದ, ತಾವೂ ದೃಷ್ಟಿಹೀನರಾಗಿದ್ದ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ತಾವೇ ನಾಟಕಗಳನ್ನು ರಚಿಸಿದರು. ನಾಟಕಕ್ಕೆ ಬೆಲೆಯಿತ್ತು; ಆ ಬೆಲೆಯಿಂದ ವೀರೇಶ್ವರ ಪುಣ್ಯಾಶ್ರಮದ ವಿದ್ಯೆಯು ಬೆಲೆಯಿಲ್ಲದೆ ದೊರೆಯಿತು. ಟಿಕೇಟು ಮಾರಿದುದರಿಂದ ಗವಾಯಿಗಳ ಸಂಗೀತವು ಮೈಲಿಗೆಯಾಯಿತೆಂದು ಹೇಳುವ ಧೈರ್ಯ ಯಾರಿಗುಂಟು?

ಇಷ್ಟು ವಿಚಾರದಿಂದ ಸಿದ್ಧವಾಗುವ ತಾತ್ಪರ್ಯವಿಷ್ಟು. ಎಣ್ಣೆಯಿಲ್ಲದೆ ದೀಪ ಉರಿಯದು. ಆದರೆ ಎಣ್ಣೆಯೇ ಬೆಳಕಲ್ಲ. ಕಲಾವಿದನು ಹಣವನ್ನು ಪಡೆದನೋ ಇಲ್ಲವೋ ಎಂಬುದು ಅವನ ಕಲೆಯನ್ನು ಅಳೆಯುವ ಕೋಲಲ್ಲ. ಪಡೆದವನು ಪಂಪ, ಪಡೆಯದವನು ಮುದ್ದಣ, ಇಬ್ಬರೂ ಮಹಾಕವಿಗಳೇ. ಹಣವು ಕೇಳದಿದ್ದುದನ್ನೂ ಅವನು ಕೊಟ್ಟನೇ, ಹಣವು ಕೇಳಿದರೂ ಕೊಡಲಾಗದುದನ್ನು ಉಳಿಸಿಕೊಂಡನೇ ಎಂಬುದೇ ಸರಿಯಾದ ಪ್ರಶ್ನೆ. ದೊರೆಯ ಕಾವ್ಯದಲ್ಲಿ ಕರ್ಣನಿಗೆ ಸ್ಥಾನ ಕೊಟ್ಟವನು ಈ ಪರೀಕ್ಷೆಯಲ್ಲಿ ಗೆದ್ದನು. ಆದುದರಿಂದ ಮಗುವಿನ ಒಲವನ್ನು ಕಂಡು ಅಂಜಿದ ತಾಯಿತಂದೆಗಳಿಗೆ ಅಧ್ಯಾಪಕರು ಹೇಳಬಹುದಾದ ಮಾತೂ ಇದರಿಂದಲೇ ಹೊರಡುತ್ತದೆ. ಹೊಟ್ಟೆಯ ದಾರಿಯನ್ನು ಬೇರೆ ಹುಡುಕಬೇಕಾಗಬಹುದು, ಕಲೆಯಿಂದಲೇ ಹೊಟ್ಟೆ ತುಂಬಲೂಬಹುದು, ಯಾವುದಾದರೂ ಅಪಮಾನವಲ್ಲ. ಶಾಲೆಯು ಕೊಡಬಲ್ಲದ್ದು ನಿಪುಣತೆ ಮತ್ತು ಅಭ್ಯಾಸ. ಅವೆರಡೂ ಇಲ್ಲದೆ ಶಕ್ತಿಯು ಬೀಜದಲ್ಲಿಯೇ ಒಣಗುತ್ತದೆ.

ಕೊಡುವವರ ಧರ್ಮದ ಕುರಿತು ಒಂದು ಮಾತು ಉಳಿದಿದೆ. ಇಂದಿನ ಉತ್ಸವಗಳಲ್ಲಿ ಚಪ್ಪರ ಹಾಕಿದವನಿಗೂ ಧ್ವನಿವರ್ಧಕ ತಂದವನಿಗೂ ಅಡಿಗೆಯವನಿಗೂ ಮಾತಾಡಿದಷ್ಟು ಹಣವು ಲೆಕ್ಕವಾಗಿ ಸಲ್ಲುತ್ತದೆ. ಎರಡು ತಾಸು ಹಾಡಿದವನಿಗೆ ಒಂದು ಶಾಲು, ಒಂದು ಹಾರ, ಒಂದು ಹಣ್ಣಿನ ಬುಟ್ಟಿ. ಕಲೆಯು ಹಣಕ್ಕೆ ಮೀರಿದ್ದೆಂಬ ಉದಾತ್ತವಾದ ಮಾತು ಆ ಹೊತ್ತಿನಲ್ಲಿ ಎಲ್ಲರ ನಾಲಗೆಯ ಮೇಲಿರುತ್ತದೆ. ಕಲಾವಿದನು ತಾನಾಗಿ ಬಿಟ್ಟರೆ ಅದು ತ್ಯಾಗ. ಅವನಿಂದ ಬಿಡಿಸಿದರೆ ಅದು ಕೊಡುವವರ ಜಿಪುಣತನವಲ್ಲದೆ ಬೇರೇನು? ಇದಕ್ಕೆ ವಿರುದ್ಧವಾದ ಇನ್ನೊಂದು ದೋಷವೂ ಉಂಟು: ಕೈತುಂಬ ಕೊಟ್ಟು, ಕೊಟ್ಟದ್ದಕ್ಕೆ ಪ್ರತಿಯಾಗಿ ತನ್ನ ಹೊಗಳಿಕೆಯನ್ನೇ ಬಯಸುವುದು. ಈ ಎರಡು ದೋಷಗಳಿಗೂ ಪರಿಹಾರವನ್ನು ದಾನಚಿಂತಾಮಣಿ ಅತ್ತಿಮಬ್ಬೆಯು ಸಾವಿರ ವರ್ಷಗಳ ಹಿಂದೆಯೇ ತೋರಿಸಿದಳು. ಪೊನ್ನನ ‘ಶಾಂತಿಪುರಾಣ’ವು ಅವಳ ತಂದೆ ಮಲ್ಲಪನೂ ಚಿಕ್ಕಪ್ಪ ಪುನ್ನಮಯ್ಯನೂ ತಮ್ಮ ಗುರುವಿನ ನೆನಪಿಗಾಗಿ ಬರೆಯಿಸಿದ ಕಾವ್ಯ. ಆ ಕಾವ್ಯವು ಅಳಿದುಹೋಗಬಾರದೆಂದು ಅವಳು ಸಾವಿರ ಪ್ರತಿಗಳನ್ನು ತಾಳೆಗರಿಗಳಲ್ಲಿ ಬರೆಯಿಸಿ ಹಂಚಿದಳು. ಲಿಪಿಕಾರನಿಗೆ ಕೂಲಿ, ಕಾವ್ಯಕ್ಕೆ ಆಯುಸ್ಸು, ಓದುಗನಿಗೆ ರಸ, ಮೂರೂ ಒಂದೇ ದಾನದಿಂದ ಒದಗಿದವು. ೯೯೩ರಲ್ಲಿ ರನ್ನನಿಂದ ‘ಅಜಿತಪುರಾಣ’ವನ್ನು ಬರೆಯಿಸಿದವಳೂ ಅವಳೇ.

ಆ ಉಪಕಾರವನ್ನು ರನ್ನನು ಕಾವ್ಯದಲ್ಲಿ ಹೊಗಳಿ ಸುಮ್ಮನಾಗಲಿಲ್ಲ. ಕಾವ್ಯದ ಹೊಗಳಿಕೆಯನ್ನಾದರೆ ಋಣಸಂದಾಯವೆಂದು ಲೋಕವು ಹೇಳಬಹುದಾಗಿತ್ತು. ತನ್ನ ಮನೆಯಲ್ಲಿ ಹುಟ್ಟಿದ ಮಗನಿಗೆ ಚಾವುಂಡರಾಯನ ನೆನಪಿಗೆ ರಾಯನೆಂದೂ, ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು.